ಇಸಾಕನ ಮರಿಮಗಳ ಇತಿಹಾಸ ಪರೀಕ್ಷೆ

ಬಾಗಿಲು ತೆರೆಯಿತು. ಒಳಗೆ ಬಂದವನನ್ನು ನೋಡಿದ ಕೂಡಲೇ ರಗ್ನಿ ತೆರೆದಿದ್ದ ಪುಸ್ತಕ ಮುಚ್ಚಿಬಿಟ್ಟಳು.

ಅವನೇ!

ಹತ್ತು ವರ್ಷ... ಈಗ ಗಡ್ಡ ಬಂದಿದೆ, ಹೆಗಲು ಅಗಲವಾಗಿದೆ. ಆದರೆ ಪುಸ್ತಕಗಳನ್ನು ಎದೆಗವಚಿಕೊಂಡು ಸ್ವಲ್ಪ ಬಗ್ಗಿ ನಡೆಯುವ ಆ ರೀತಿ ಹಾಗೇ ಇದೆ. ಅದನ್ನು ಮರೆಯಲು ಸಾಧ್ಯವೇ?

"ಎಲ್ರಿಗೂ ಹಾಯ್," ಎಂದ ಅವನು, ಕೋಟಿನ ಮೇಲಿನ ಹಿಮ ಕೊಡವುತ್ತಾ. "ಗೆರ್ದ್ ಟೀಚರ್‌ಗೆ ಸೊಂಟದ ಆಪರೇಷನ್ ಆಗಿದೆ. ಪರೀಕ್ಷೆ ತನಕ ನಿಮಗೆ ಇತಿಹಾಸ ಹೇಳ್ಕೊಡೋದು ನಾನು. ನನ್ನ ಹೆಸರು ಐವಿಂದ್. ಇದೇ ಊರಿನವನು."

ನಾರ್ವೆಯ ಕಡಲತಡಿಯ ಸ್ಕಾರ್ವನೆಸ್ ಊರಿನ ಹಳೇ ಶಾಲೆಯ ಆ ಕೋಣೆಯಲ್ಲಿ ಕೂತಿದ್ದವರು ಆರೇ ಜನ. ಎಲ್ಲರೂ ದೊಡ್ಡವರು. ಪ್ರೌಢಶಾಲೆಯಲ್ಲಿ ಯಾವುದೋ ಕಾರಣಕ್ಕೆ ಇತಿಹಾಸ ಬಿಟ್ಟವರು, ಈಗ ಮತ್ತೆ ಪರೀಕ್ಷೆ ಕಟ್ಟಿದವರು. ಐವಿಂದ ಹೆಸರು ಕೂಗತೊಡಗಿದ. ನಾಲ್ಕನೇ ಹೆಸರಿಗೆ ಅವನ ದನಿ ನಿಂತುಹೋಯಿತು.

"ರ...ರಗ್ನಿ?"

ಅವನು ತಲೆ ಎತ್ತಿದ. ಅವನ ಮುಖವೂ ಬಿಳಿಚಿಕೊಂಡಿತ್ತು.

ರಗ್ನಿ ಕೋಟು ಎಳೆದುಕೊಂಡಳು, ಕುರ್ಚಿ ಬಿದ್ದದ್ದನ್ನೂ ನೋಡದೆ ಹೊರಗೆ ನಡೆದಳು.

"ರಗ್ನಿ, ನಿಲ್ಲು!" ಅವನು ಪಡಸಾಲೆಗೆ ಓಡಿ ಬಂದ.

"ನೀನು ಇರ್ತೀಯ ಅಂತ ಗೊತ್ತಿದ್ರೆ ಈ ಕಡೆ ತಲೆ ಹಾಕಿಯೂ ಮಲಗ್ತಿರ್ಲಿಲ್ಲ!"

"ಗೊತ್ತು. ನನ್ನ ಮುಖ ನೋಡ್ಬೇಡ. ಗೋಡೆ ನೋಡ್ಕೊಂಡು ಕೂತ್ಕೊ, ಬೈಕೊಂಡು ಕೂತ್ಕೊ. ಆದ್ರೆ ಪರೀಕ್ಷೆ ಬಿಡ್ಬೇಡ, ಪ್ಲೀಸ್..."

ಅವಳು ಹಿಮದೊಳಗೆ ಇಳಿದುಬಿಟ್ಟಳು. ಸಂಜೆ ಐದು ಗಂಟೆ. ಜನವರಿಯ ಕತ್ತಲು. ಮನೆ ಮುಟ್ಟುವವರೆಗೂ ಯಾರೋ ಬೆನ್ನ ಹಿಂದೆ ಬರುತ್ತಿದ್ದಾರೆ ಅನ್ನಿಸುತ್ತಲೇ ಇತ್ತು.

* * *

ಅವಳಿಗೆ ಆಗ ಹದಿನೇಳು. ಸ್ಕಾರ್ವನೆಸ್‌ನಿಂದ ವಾಡ್ಸೊ ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವನು ಐವಿಂದ. ಅವನಮ್ಮ ಕಟ್ಟಿಕೊಟ್ಟ ಬೆಣ್ಣೆ ಸಕ್ಕರೆಯ ರೊಟ್ಟಿಯಲ್ಲಿ ಅರ್ಧ ಅವಳಿಗೆ. ಮಾತೇನೂ ಹೆಚ್ಚಿರಲಿಲ್ಲ. ಆದರೆ ಅವನು ಬಾರದ ದಿನ ಆ ಬಸ್ಸು ತುಂಬಾ ಖಾಲಿ ಅನ್ನಿಸುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿದ್ದೂ ಒಂದೆರಡು ಸಲವಷ್ಟೇ.

ಆ ವರ್ಷ ಇತಿಹಾಸದಲ್ಲಿ ಎಲ್ಲರೂ ಒಂದು ಪ್ರಬಂಧ ಬರೆಯಬೇಕಿತ್ತು. ಯುದ್ಧದ ಕಾಲದಲ್ಲಿ ನಮ್ಮೂರು. ಐವಿಂದ ಎದ್ದು ನಿಂತು ತನ್ನದನ್ನು ಓದಿದ.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆ. ನಾರ್ವೆ ಜರ್ಮನ್ನರ ವಶದಲ್ಲಿತ್ತು. ಸ್ಕಾರ್ವನೆಸ್‌ನ ಮೂವರು ಮೀನುಗಾರರು ಜರ್ಮನ್ ಹಡಗುಗಳ ಓಡಾಟವನ್ನು ರೇಡಿಯೊದಲ್ಲಿ ರಷ್ಯನ್ನರಿಗೆ ತಿಳಿಸುತ್ತಿದ್ದರು. ಸಿಕ್ಕಿಬಿದ್ದರು. ಗುಂಡಿಗೆ ಬಲಿಯಾದರು. ಅವರಲ್ಲಿ ಒಬ್ಬ ಐವಿಂದನ ಮುತ್ತಜ್ಜನ ತಮ್ಮ.

"ಅವರನ್ನು ಹಿಡಿದುಕೊಟ್ಟವನು," ಎಂದು ಓದಿದ್ದ ಐವಿಂದ, "ಅದೇ ಊರಿನ ಇಸಾಕ್ ಎಂಬ ಮೀನುಗಾರ."

ಇಸಾಕ್! ಅಜ್ಜಿ ಪೆತ್ರಾಳ ಅಪ್ಪ. ಅಜ್ಜಿಯ ಮನೆ ಗೋಡೆಯ ಮೇಲೆ ದೋಣಿಯ ಪಕ್ಕ ನಗುತ್ತಾ ನಿಂತಿರುವ ಮುತ್ತಜ್ಜ!

ರಗ್ನಿ ಯೋಚಿಸಲೇ ಇಲ್ಲ. ಎದ್ದು ನಿಂತು ಕೂಗಿಬಿಟ್ಟಳು. "ಸುಳ್ಳು! ನನ್ನ ಮುತ್ತಜ್ಜ ಹಾಗೆ ಮಾಡೋನಲ್ಲ!"

ತರಗತಿಯ ಇಪ್ಪತ್ತೆಂಟು ಮುಖಗಳು ಒಟ್ಟಿಗೆ ಅವಳತ್ತ ತಿರುಗಿದವು.

ಆ ಕ್ಷಣದವರೆಗೆ ಆ ಶಾಲೆಯಲ್ಲಿ ಯಾರಿಗೂ ಅವಳು ಇಸಾಕನ ಮರಿಮಗಳೆಂದು ತಿಳಿದಿರಲಿಲ್ಲ. ಅಜ್ಜಿಯ ಮದುವೆಯೊಂದಿಗೆ ಮನೆತನದ ಹೆಸರು ಬದಲಾಗಿತ್ತು, ಹಳಬರು ಆ ಮಾತು ಎತ್ತುತ್ತಿರಲಿಲ್ಲ. ತಿಳಿಸಿದ್ದು ಅವಳ ಬಾಯೇ.

ಮಾರನೇ ದಿನ ಶಾಲೆಯಲ್ಲಿ ಅವಳ ಬೀರುವಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಬರೆದಿದ್ದರು: ದ್ರೋಹಿ. ಅವಳು ಬಸ್ಸಿನಲ್ಲಿ ಜಾಗ ಬದಲಾಯಿಸಿದಳು. ಜೂನ್‌ನಲ್ಲಿ ಮೌಖಿಕ ಪರೀಕ್ಷೆಯ ವಿಷಯಕ್ಕೆ ಚೀಟಿ ಎತ್ತಿದಾಗ ಅವಳ ಪಾಲಿಗೆ ಇತಿಹಾಸವೇ ಬಂತು. ಮೇಜಿನಾಚೆ ಇಬ್ಬರು ಪರೀಕ್ಷಕರು. ಮೊದಲ ಪ್ರಶ್ನೆ. ಅವಳು ಬಾಯಿ ತೆರೆದಳು... ದನಿ ಬರಲಿಲ್ಲ. ಎರಡು ನಿಮಿಷ, ಮೂರು ನಿಮಿಷ. ಗಂಟಲನ್ನು ಯಾರೋ ಹಿಸುಕುತ್ತಿದ್ದಂತೆ. ಎದ್ದು ಓಡಿದವಳು ಮತ್ತೆ ಆ ಶಾಲೆಗೆ ಹೋಗಲಿಲ್ಲ.

ಅವಳ ಮಟ್ಟಿಗೆ ವಿಷಯ ಸರಳವಾಗಿತ್ತು. ಬಾಯಿ ತೆರೆದರೆ ಮನೆ ಹಾಳಾಗುತ್ತದೆ. ಮತ್ತೆ, ಐವಿಂದ ಬೇಕೆಂದೇ ಮಾಡಿದ. ಪಕ್ಕದಲ್ಲಿ ಕೂತು ರೊಟ್ಟಿ ಹಂಚಿಕೊಂಡವನು, ಎಲ್ಲ ಗೊತ್ತಿದ್ದೇ ಮಾಡಿದ!

* * *

"ಏನೇ, ಮೊದಲನೇ ದಿನಾನೇ ಕ್ಲಾಸಿಗೆ ಚಕ್ಕರ್ ಹೊಡೆದ್ಯಂತೆ?" ಮಾರನೇ ಬೆಳಿಗ್ಗೆ ಮೀನಿನ ಫ್ಯಾಕ್ಟರಿಯಲ್ಲಿ ತೂವೆ ಕೇಳಿದಳು. ರಗ್ನಿಯ ಪಕ್ಕ ನಿಂತು ಎಂಟು ವರ್ಷದಿಂದ ಕಾಡ್ ಎಂಬ ಮೀನು ಸೀಳುತ್ತಿದ್ದವಳು ಅವಳು. ಊರಿನ ಸುದ್ದಿಯೆಲ್ಲ ಮೊದಲು ಅವಳ ಕಿವಿಗೇ.

"ನನ್ನಿಂದ ಆಗಲ್ಲ ತೂವೆ."

"ಆಗಲ್ವಾ? ಸರಿ ಬಿಡು. ಇಲ್ಲೇ ನನ್ ಜೊತೆ ಮೀನಿನ ಕರುಳು ಕೀಳ್ತಾ ಮುದುಕಿ ಆಗು. ನಂಗೇನು, ಕಂಪನಿ ಸಿಗುತ್ತೆ."

ರಗ್ನಿ ನಕ್ಕಳು. ಆದರೆ ಆ ಮಾತು ನಾಟಿತು. ಅವಳಿಗೆ ನರ್ಸ್ ಆಗಬೇಕಿತ್ತು. ಇಪ್ಪತ್ತಮೂರು ವಯಸ್ಸು ದಾಟಿ, ಐದು ವರ್ಷ ದುಡಿದವರು ಆರು ವಿಷಯ ಪಾಸು ಮಾಡಿದರೆ ನರ್ಸಿಂಗ್‌ಗೆ ಅರ್ಜಿ ಹಾಕಬಹುದು. ಐದು ವಿಷಯ ಮುಗಿಸಿದ್ದಳು. ಗಣಿತ ಕೂಡ! ಉಳಿದದ್ದು ಇತಿಹಾಸ ಒಂದೇ. ಅದಕ್ಕೆ ಬರವಣಿಗೆಯ ಪರೀಕ್ಷೆ ಇಲ್ಲ. ಬಾಯಿ ಬಿಡಲೇಬೇಕು.

ಮುಂದಿನ ಮಂಗಳವಾರ ತರಗತಿಗೆ ಹೋಗುವ ಮೊದಲು ಅವಳು ವಾಂತಿ ಮಾಡಿಕೊಂಡಳು. ಆಮೇಲೆ ಬಾಯಿ ತೊಳೆದು, ಹೋಗಿ, ಕೊನೆಯ ಬೆಂಚಿನಲ್ಲಿ ಕೂತಳು.

ಐವಿಂದ ಅವಳತ್ತ ನೋಡಲಿಲ್ಲ. ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದ. ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತು?

"ರಾಜರ ಹೆಸರು ಮರ್ತುಹೋಗ್ಲಿ, ಪರ್ವಾಗಿಲ್ಲ," ಎಂದ. "ಈ ಮೂರನ್ನ ಮರೀಬೇಡಿ. ಇದನ್ನ ಕೇಳದೆ ಮಾತಾಡಿದೋರು... ತುಂಬಾ ದೊಡ್ಡ ತಪ್ಪು ಮಾಡಿದ್ದಾರೆ."

ಕೊನೆಯ ಮಾತಿಗೆ ಅವನ ದನಿ ಯಾಕೆ ನಡುಗಿತು? ಅವಳು ಕೇಳಿಸಿಕೊಳ್ಳದವಳಂತೆ ಬರೆದುಕೊಂಡಳು.

ತರಗತಿ ಮುಗಿದ ಮೇಲೆ ಅವನು ಹತ್ತಿರ ಬಂದ. "ರಗ್ನಿ, ಆವತ್ತಿನ ಬಗ್ಗೆ ನಾನು..."

"ಬೇಡ!" ಅವಳು ಕೈ ಅಡ್ಡ ಹಿಡಿದಳು. "ಆ ವಿಷಯ ಒಂದಕ್ಷರ ಎತ್ತಿದ್ರೂ ನಾನು ಮತ್ತೆ ಬರಲ್ಲ. ನೀನು ಪಾಠ ಮಾಡು, ನಾನು ಕೇಳ್ತೀನಿ. ಅಷ್ಟೇ."

ಅವನು ತುಟಿ ಕಚ್ಚಿಕೊಂಡ. "ಆಯ್ತು. ಮಾತು ಕೊಟ್ಟೆ."

* * *

ಫೆಬ್ರವರಿ ಕಳೆಯುವಷ್ಟರಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ರಗ್ನಿಗೆ ಎಲ್ಲ ಗೊತ್ತು, ಹೇಳಲು ಮಾತ್ರ ಆಗದು. ಬರೆದು ಕೊಟ್ಟರೆ ಪುಟಗಟ್ಟಲೆ. ಎದ್ದು ನಿಲ್ಲಿಸಿದರೆ ಕಲ್ಲು!

"ನಾಳೆ ಬಂದರಿನ ಕಟ್ಟೆ ಹತ್ರ ಬಾ," ಎಂದ ಐವಿಂದ. "ನಿನ್ನ ಊಟದ ಬಿಡುವಿನಲ್ಲಿ. ಇಪ್ಪತ್ತೇ ನಿಮಿಷ."

ಅವಳು ಹೋದಳು. ಯಾಕೆ ಹೋದಳೋ! ಅವನು ಅವಳನ್ನು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ತಾನು ಹತ್ತು ಹೆಜ್ಜೆ ಹಿಂದೆ ಹೋದ.

"ನಾನು ಕಾಣಲ್ಲ. ಸಮುದ್ರಕ್ಕೆ ಹೇಳು. ಪ್ಲೇಗು ನಾರ್ವೆಗೆ ಹೇಗೆ ಬಂತು?"

ಗಾಳಿ. ಅಲೆ. ದೋಣಿಯ ಮೇಲೆ ಕೂತ ಕಡಲಹಕ್ಕಿಯೊಂದು ಅವಳನ್ನೇ ನೋಡುತ್ತಿತ್ತು.

"ಅದು... ಹಡಗಿನಲ್ಲಿ..." ದನಿ ಒಡೆಯಿತು. "ಆ ಹಕ್ಕಿ ನೋಡ್ತಿದೆ!"

"ನೋಡ್ಲಿ ಬಿಡು. ಅದಕ್ಕೆ ಫೇಲ್ ಮಾಡೋ ಅಧಿಕಾರ ಇಲ್ಲ!"

ಅವಳಿಗೆ ನಗು ಬಂದುಬಿಟ್ಟಿತು. ನಗುವಿನ ಹಿಂದೆಯೇ ಒಂದು ವಾಕ್ಯ, ಅದರ ಹಿಂದೆ ಇನ್ನೊಂದು. ಬೆರ್ಗೆನ್ ಬಂದರು, ಸತ್ತ ನಾವಿಕರು, ಖಾಲಿಯಾದ ಹಳ್ಳಿಗಳು, ಉಳುವವರಿಲ್ಲದೆ ಕಾಡಾದ ಹೊಲಗಳು... ಇಪ್ಪತ್ತು ನಿಮಿಷ ಆದದ್ದೇ ತಿಳಿಯಲಿಲ್ಲ.

ತಿರುಗಿ ನೋಡಿದಾಗ ಅವನು ಚಳಿಗೆ ಮೂಗು ಕೆಂಪಾಗಿಸಿಕೊಂಡು, ಬಾಯಿ ತುಂಬಾ ನಗುತ್ತಾ ನಿಂತಿದ್ದ. ರಗ್ನಿಯ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು.

'ಇಲ್ಲ... ಇವನ ಮೇಲಲ್ಲ. ಯಾರ ಮೇಲಾದ್ರೂ ಮನಸ್ಸಾಗ್ಲಿ, ಇವನ ಮೇಲೆ ಮಾತ್ರ ಬೇಡ!'

ಅವಳಿಗೆ ಪರೀಕ್ಷೆಗಿಂತ ಹೆಚ್ಚು ಭಯವಾದದ್ದು ಆವತ್ತೇ.

ಮಾರ್ಚ್ ಬಂತು. ಹಗಲು ಉದ್ದವಾಯಿತು. ಕಟ್ಟೆಯ ಹತ್ತು ಹೆಜ್ಜೆ ಐದಾಯಿತು, ಐದು ಎರಡಾಯಿತು. ಒಂದು ಮಧ್ಯಾಹ್ನ ಅವನು ಪಕ್ಕದಲ್ಲೇ ನಿಂತಿದ್ದ. ಅವಳು ದನಿ ನಡುಗದೆ ಸಂವಿಧಾನದ ಕಥೆ ಮುಗಿಸಿದಳು. ಇಬ್ಬರ ಕೈಗವಸುಗಳೂ ತಾಗಿದವು. ಯಾರೂ ಕೈ ಹಿಂದೆ ತೆಗೆಯಲಿಲ್ಲ.

"ಊರೆಲ್ಲ ಮಾತಾಡ್ತಿದೆ," ಎಂದಳು ತೂವೆ. "ಇತಿಹಾಸ ಮೇಷ್ಟ್ರು ಬರೀ ಇತಿಹಾಸಾನೇ ಹೇಳ್ಕೊಡ್ತಿದಾರಾ ಅಂತ!"

"ಸುಮ್ನಿರೇ!"

* * *

ಏಪ್ರಿಲ್ ಕೊನೆಯ ಮಂಗಳವಾರ. ಬೇರೆಯವರು ಇನ್ನೂ ಬಂದಿರಲಿಲ್ಲ. ಐವಿಂದ ಕಾಫಿ ಮಾಡಲು ಅಡುಗೆ ಕೋಣೆಗೆ ಹೋಗಿದ್ದ. ರಗ್ನಿ ಅವನ ಮೇಜಿನ ಮೇಲೆ ತನ್ನ ಟಿಪ್ಪಣಿ ಇಡಲು ಹೋದಳು.

ಅಲ್ಲೊಂದು ನೀಲಿ ಫೈಲು. ಅದರ ಮೇಲೆ ಅವನ ಕೈಬರಹ.

ಇಸಾಕ್. 1943. ಮೇ 8ರ ಕಾರ್ಯಕ್ರಮ.

ಮೇ ಎಂಟು, ಜರ್ಮನ್ನರಿಂದ ನಾರ್ವೆಯ ವಿಮೋಚನೆಯ ದಿನ. ಗುಂಡಿಗೆ ಬಲಿಯಾದ ಆ ಮೂವರ ಸ್ಮಾರಕದ ಕಲ್ಲಿನ ಮುಂದೆ ಊರಿಗೆ ಊರೇ ಸೇರುವ ದಿನ. ಅಲ್ಲಿ... ಇಸಾಕನ ಹೆಸರು...

ಅವಳು ಫೈಲನ್ನು ಕೈಗೆತ್ತಿಕೊಂಡಳು. ಇಪ್ಪತ್ತೆಂಟು ಮುಖಗಳು. ಕೆಂಪು ಬಣ್ಣ. ಈ ಸಲ ಇಡೀ ಊರು!

"ರಗ್ನಿ?" ಎರಡು ಲೋಟ ಹಿಡಿದು ಐವಿಂದ ಬಾಗಿಲಲ್ಲಿ ನಿಂತಿದ್ದ. ಫೈಲು ಅವಳ ಕೈಯಲ್ಲಿರುವುದನ್ನು ನೋಡಿ ಅವನ ಮುಖ ಇಳಿಯಿತು.

"ಮತ್ತೆ ಓದ್ತೀಯಾ?" ಅವಳ ದನಿ ಪಿಸುಮಾತಿನಷ್ಟೇ. "ಈ ಸಲ ಎಲ್ಲರ ಮುಂದೆ ಓದ್ತೀಯಾ?"

"ಅಲ್ಲ! ಕೇಳು ಇಲ್ಲಿ. ಮೇ ಎಂಟಕ್ಕೆ ಮುಂಚೆ ನಿಂಗೆ ಹೇಳ್ಬೇಕು ಅಂತಾನೇ ಇದ್ದೆ... ನೀನೇ ಎತ್ಬೇಡ ಅಂದಿದ್ದೆ. ಅದನ್ನ ತೆಗೆದು ಓದು ರಗ್ನಿ. ಒಂದೇ ಒಂದು ಸಲ ಓದು!"

"ನಿನ್ನ ಬಾಯಲ್ಲಿ ಒಂದು ಸಲ ಕೇಳಿದ್ದು ಸಾಕು!"

ಫೈಲನ್ನು ಮೇಜಿನ ಮೇಲೆ ಎಸೆದು ಅವಳು ಹೊರಟಳು. ಅವನು ಹಿಂದೆ ಬಂದ, ಕರೆದ. ಅವಳು ಕಿವಿ ಮುಚ್ಚಿಕೊಂಡು ಓಡಿದಳು. ನಂಬಿದ್ದಳಲ್ಲ... ಮತ್ತೆ ನಂಬಿದ್ದಳಲ್ಲ!

ಆಮೇಲೆ ತರಗತಿಗೆ ಹೋಗಲಿಲ್ಲ. ಫೋನು ಎತ್ತಲಿಲ್ಲ. ಮೇ ಎಂಟರಂದು ಪರದೆ ಎಳೆದುಕೊಂಡು ಕೂತಳು. ಬ್ಯಾಂಡಿನ ಸದ್ದು ಕೇಳಿಸಿತು. ಆಮೇಲೆ ಮೌನ. ಈಗ ಓದುತ್ತಿರಬೇಕು... ಈಗ ಹೆಸರು ಹೇಳಿರಬೇಕು... ಈಗ ಎಲ್ಲರೂ ಈ ಕಿಟಕಿಯತ್ತ ನೋಡುತ್ತಿರಬೇಕು... ಪರದೆಯ ಅಂಚನ್ನು ಇನ್ನಷ್ಟು ಎಳೆದು ಹಿಡಿದಳು.

ಮಾರನೇ ದಿನ ಫ್ಯಾಕ್ಟರಿಯ ಬಾಗಿಲು ದಾಟಲು ಕಾಲೇ ಬರಲಿಲ್ಲ. ತೂವೆಯೇ ಹೊರಗೆ ಬಂದಳು.

"ನಿನ್ನ ಮೇಷ್ಟ್ರಿಗೆ ಏನಾಗಿದ್ಯೇ? ನಿನ್ನೆ ಭಾಷಣಕ್ಕೆ ಕರೆದ್ರೆ ಕಲ್ಲಿನ ಮುಂದೆ ನಿಂತು, 'ನಾನು ಒಂದು ಮಾತು ಹೇಳ್ಬೇಕು. ಆದ್ರೆ ಅದು ಯಾರಿಗೆ ಸೇರಿದ್ದೋ ಅವರ ಒಪ್ಪಿಗೆ ನಂಗಿನ್ನೂ ಸಿಕ್ಕಿಲ್ಲ' ಅಂದು ಇಳಿದು ಹೋಗ್ಬಿಟ್ಟ! ಅವನ ತಾತ ಅಂತೂ ಕೆಂಡಾಮಂಡಲ."

"ಅಷ್ಟೇನಾ? ಹೆಸರು... ಯಾರ ಹೆಸರೂ ಹೇಳ್ಲಿಲ್ವಾ?"

"ಯಾರದ್ದೂ ಇಲ್ಲ. ಯಾಕೆ, ನಿನ್ನ ಹೆಸರು ಹೇಳ್ತಾನೆ ಅಂದ್ಕೊಂಡ್ಯಾ?"

ರಗ್ನಿಗೆ ಏನೂ ಅರ್ಥವಾಗಲಿಲ್ಲ. ಹೇಳುವುದಿದ್ದರೆ ಹೇಳಬಹುದಿತ್ತಲ್ಲ... ಯಾಕೆ ಹೇಳಲಿಲ್ಲ?

* * *

ಪರೀಕ್ಷೆಯ ಹಿಂದಿನ ದಿನ. ಹೋಗುವುದಿಲ್ಲ ಎಂದು ಅವಳು ನಿರ್ಧರಿಸಿ ಆಗಿತ್ತು. ಮಧ್ಯಾಹ್ನ ವೃದ್ಧಾಶ್ರಮದಿಂದ ಫೋನು ಬಂತು. ಅಜ್ಜಿ ಪೆತ್ರಾ ಈಗಲೇ ಬಾ ಎನ್ನುತ್ತಿದ್ದಾಳೆ.

ರಗ್ನಿ ಓಡಿದಳು. ಎಂಬತ್ತೆಂಟರ ಅಜ್ಜಿ ಕಿಟಕಿಯ ಬಳಿ ನೆಟ್ಟಗೆ ಕೂತಿದ್ದಳು. ಮಡಿಲಲ್ಲಿ ನೀಲಿ ಫೈಲು!

"ಅಜ್ಜಿ! ಇದು ಇಲ್ಲಿಗೆ ಹೇಗೆ..."

"ಆ ಹುಡುಗ ತಂದ. ಐವಿಂದ. ಹೋದ ವಾರ ಬಂದು, ಆ ಕುರ್ಚೀಲಿ ಕೂತು ಮೂರು ಸಲ ಓದಿ ಹೇಳ್ದ. ನನಗಿಂತ ಅವನೇ ಜಾಸ್ತಿ ಅತ್ತ."

"ನಿಂಗೆ ಯಾಕೆ ಕೊಟ್ಟ? ನಿಂಗೆ ನೋವು ಮಾಡೋಕೆ ಅವನಿಗೆ..."

"ಬಾಯಿ ಮುಚ್ಕೊಂಡು ಕೇಳೇ ಪುಟ್ಟಿ." ಅಜ್ಜಿಯ ದನಿ ಗಟ್ಟಿಯಾಗಿತ್ತು. "ಆಗ ನಂಗೆ ಏಳು ವರ್ಷ. ಅಪ್ಪನ್ನ ಹಿಡ್ಕೊಂಡು ಹೋದ್ರು. ಹನ್ನೊಂದು ದಿನ ಆದ್ಮೇಲೆ ವಾಪಸ್ ಬಂದ. ಹಲ್ಲು ಹೋಗಿತ್ತು, ಒಂದು ಕೈ ಎತ್ತೋಕೆ ಆಗ್ತಿರ್ಲಿಲ್ಲ. ನಾನು ಕುಣಿದಾಡ್ಬಿಟ್ಟೆ. ಆದ್ರೆ ಆ ಮೂವರು ಬರ್ಲಿಲ್ಲ. ಅಪ್ಪ ಮಾತ್ರ ಬಂದ. ಅಷ್ಟೇ ಸಾಕಾಯ್ತು ಊರಿಗೆ. ಅಂಗಡೀಲಿ ಅಮ್ಮನ ಜೊತೆ ಯಾರೂ ಮಾತಾಡ್ತಿರ್ಲಿಲ್ಲ. ಅಪ್ಪ ಬಾಯೇ ಬಿಡ್ಲಿಲ್ಲ. ಸಾಯೋ ತನಕ ಬಿಡ್ಲಿಲ್ಲ."

"ಅಜ್ಜಿ..."

"ನಾನೂ ನಂಬಿದ್ದೆ ಕಣೇ. ಎಂಬತ್ತು ವರ್ಷ! ಅಪ್ಪಾನೇ ಹಿಡಿದುಕೊಟ್ಟಿದ್ದು ಅಂತ ನಾನೂ ನಂಬಿದ್ದೆ. ಅವನನ್ನ ಪ್ರೀತಿ ಮಾಡ್ತಿದ್ದೆ, ಪ್ರೀತಿ ಮಾಡ್ತೀನಲ್ಲ ಅಂತ ನಾಚಿಕೆ ಪಡ್ತಿದ್ದೆ." ಅವಳು ಫೈಲು ಚಾಚಿದಳು. "ತಗೋ. ನೀನೇ ಓದು."

ಒಳಗಿದ್ದದ್ದು ಜರ್ಮನ್ ಪೊಲೀಸರ ವಿಚಾರಣೆಯ ಹಳೆಯ ದಾಖಲೆಯ ನಕಲು. ಪಕ್ಕದಲ್ಲಿ ಐವಿಂದನ ಅನುವಾದ. ಆಗಸ್ಟ್ ಒಂಬತ್ತು, ಮೂವರು ಮೀನುಗಾರರ ಬಂಧನ. ಆಗಸ್ಟ್ ಹನ್ನೆರಡು, ಇಸಾಕನ ಬಂಧನ. ಅವರಿಗೆ ಅಡಗಿಕೊಳ್ಳಲು ತನ್ನ ದೋಣಿ ಇಡುವ ಕೊಟ್ಟಿಗೆ ಕೊಟ್ಟ ಅನುಮಾನದ ಮೇಲೆ.

ರಗ್ನಿ ದಿನಾಂಕಗಳನ್ನು ಮತ್ತೆ ನೋಡಿದಳು. ಬೆರಳಿಟ್ಟು ಮತ್ತೆ ನೋಡಿದಳು.

ಇಸಾಕನನ್ನು ಹಿಡಿಯುವ ಹೊತ್ತಿಗೆ ಅವರು ಸಿಕ್ಕಿ ಮೂರು ದಿನವಾಗಿತ್ತು! ಹೊಡೆತ ತಾಳದೆ ಹೆಸರು ಹೇಳಿದ್ದಿದ್ದರೂ, ಆ ಮೂವರ ಹೆಸರನ್ನು ಅವನು ಹೇಳಬೇಕಾಗಿಯೇ ಇರಲಿಲ್ಲ.

ಕೆಳಗೆ ಇನ್ನೂ ಎರಡು ಸಾಲು. 'ಜೊತೆಗಾರರ ಹೆಸರು ಕೇಳಲಾಗಿ, ಕೈದಿಯು ಒಂದು ಹೆಸರು ಮಾತ್ರ ಹೇಳಿದ್ದಾನೆ. ವಿಚಾರಿಸಲಾಗಿ, ಆ ವ್ಯಕ್ತಿಯು ಫೆಬ್ರವರಿಯಲ್ಲೇ ಸಮುದ್ರದಲ್ಲಿ ಮುಳುಗಿ ಸತ್ತಿರುವುದು ತಿಳಿದುಬಂದಿದೆ.'

ಸತ್ತವನ ಹೆಸರು ಹೇಳಿದ್ದ. ಹಲ್ಲು ಉದುರುವಾಗಲೂ ಬದುಕಿರುವ ಒಬ್ಬನ ಹೆಸರನ್ನೂ ಹೇಳಿರಲಿಲ್ಲ.

ಅಜ್ಜಿ ಮೊಮ್ಮಗಳು ಅಪ್ಪಿಕೊಂಡು ಎಷ್ಟು ಹೊತ್ತು ಅತ್ತರೋ... ಕಾಫಿ ತಂದ ನರ್ಸ್ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋದಳು.

"ಮೇ ಎಂಟಕ್ಕೇ ಎಲ್ಲರ ಮುಂದೆ ಇದನ್ನ ಓದಿ ಕ್ಷಮೆ ಕೇಳ್ಬೇಕು ಅಂತಿದ್ನಂತೆ," ಎಂದಳು ಅಜ್ಜಿ, ಮೂಗು ಒರೆಸಿಕೊಳ್ಳುತ್ತಾ. "ನೀನು ಮಾತಾಡ್ದೆ ಹೋದ್ಯಲ್ಲ, ಅದಕ್ಕೇ ತಡೆದ. ನಾಳೆ ಪರೀಕ್ಷೆ ಅಲ್ವಾ? ಹೋಗ್ತೀಯ ತಾನೇ?"

"ಭಯ ಆಗುತ್ತೆ ಅಜ್ಜಿ. ತುಂಬಾ."

"ಆಗ್ಲಿ ಬಿಡು. ಭಯ ಆಗುತ್ತೆ ಅಂತ ಬಾಯಿ ಮುಚ್ಕೊಂಡೋರು ನಮ್ಮನೇಲಿ ಇಷ್ಟು ಜನ ಸಾಕು."

* * *

ಮೇ ಇಪ್ಪತ್ತೇಳು. ವಾಡ್ಸೊ. ಉದ್ದನೆಯ ಪಡಸಾಲೆ, ಮುಚ್ಚಿದ ಬಾಗಿಲು, ಒಂಟಿ ಕುರ್ಚಿ. ರಗ್ನಿ ಅದರ ಅಂಚಿನಲ್ಲಿ ಕೂತಿದ್ದಳು.

ಅವಳಿಗೆ ಬಂದ ವಿಷಯ: ಎರಡನೇ ಮಹಾಯುದ್ಧದ ಒಂದು ಘಟನೆ ಮತ್ತು ಅದನ್ನು ನಂತರದವರು ನೆನಪಿಟ್ಟುಕೊಂಡ ಬಗೆ.

ಚೀಟಿಯನ್ನು ಎರಡು ಸಲ ಓದಿದಳು. ಬೇರೆ ಯಾವುದಾದರೂ ಬರಬಾರದಿತ್ತೆ? ಪ್ಲೇಗು, ಸಂವಿಧಾನ... ಇಲ್ಲ, ಇದೇ ಬರಬೇಕಿತ್ತು!

ತಯಾರಿಯ ಸಮಯ ಮುಗಿಯಿತು. ಒಳಗೆ ಕರೆದರು. ಮೇಜಿನಾಚೆ ಇಬ್ಬರು. ಬಿಳಿಗೂದಲಿನ ಹೆಂಗಸು, ಕನ್ನಡಕದ ಗಂಡಸು.

"ಶುರು ಮಾಡಿ," ಎಂದಳು ಹೆಂಗಸು.

ರಗ್ನಿ ಬಾಯಿ ತೆರೆದಳು. ದನಿ ಬರಲಿಲ್ಲ.

ಅದೇ ಕೈ. ಗಂಟಲ ಮೇಲೆ ಅದೇ ಕೈ! ಗೋಡೆಯ ಗಡಿಯಾರ ಟಿಕ್ ಎಂದಿತು, ಮತ್ತೆ ಟಿಕ್ ಎಂದಿತು. ಗಂಡಸು ಪೆನ್ನು ಕೈಗೆತ್ತಿಕೊಂಡ. ಬಾಗಿಲು ಹಿಂದೆಯೇ ಇದೆ, ನಾಲ್ಕು ಹೆಜ್ಜೆ... ಎದ್ದು ಓಡಿದರೆ ಮುಗಿಯಿತು...

"ನನಗೆ..." ಗೊಗ್ಗರು ದನಿಯೊಂದು ಹೊರಬಂತು. "ನನಗೆ ತುಂಬಾ ಭಯ ಆಗ್ತಿದೆ."

ಹೆಂಗಸು ಮುಂದಕ್ಕೆ ಬಾಗಿ ಲೋಟಕ್ಕೆ ನೀರು ಸುರಿದಳು. "ಹೇಳಿದ್ದು ಒಳ್ಳೇದಾಯ್ತು. ನಮಗೇನೂ ಅವಸರ ಇಲ್ಲ. ಭಯ ಇಟ್ಕೊಂಡೇ ಹೇಳಿ."

ರಗ್ನಿ ನೀರು ಕುಡಿದಳು. ಉಸಿರು ಎಳೆದುಕೊಂಡಳು.

"ಸ್ಕಾರ್ವನೆಸ್ ಅಂತ ಒಂದು ಊರು. ಅಲ್ಲಿ ಇಸಾಕ್ ಅಂತ ಒಬ್ಬ ಮೀನುಗಾರ ಇದ್ದ..."

ಮೊದಲ ಐದು ನಿಮಿಷ ದನಿ ಎಡವುತ್ತಲೇ ಇತ್ತು. ಆಮೇಲೆ ಎಡವುವುದು ನಿಂತಿತು. ದಿನಾಂಕಗಳನ್ನು ಹೇಳಿದಳು. ದಾಖಲೆ ಬರೆದವರು ಯಾರು, ಅವರ ಮಾತನ್ನು ಎಷ್ಟು ನಂಬಬಹುದು ಎಂದು ಹೇಳಿದಳು. ಬದುಕಿ ಬಂದದ್ದೇ ಒಬ್ಬನ ಅಪರಾಧವಾದದ್ದು ಹೇಗೆ ಎಂದು ಹೇಳಿದಳು.

"ಹಾಗಾದ್ರೆ," ಕನ್ನಡಕದವನು ಕೇಳಿದ, "ನಿಜವಾಗಿ ಹಿಡಿದುಕೊಟ್ಟವರು ಯಾರು?"

ಅವಳು ಅವನ ಕಣ್ಣನ್ನೇ ನೋಡಿದಳು. "ಗೊತ್ತಿಲ್ಲ. ಸಿಕ್ಕಿರೋ ದಾಖಲೆಯಿಂದ ಅದು ಗೊತ್ತಾಗಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಹೇಳಿದ್ದಕ್ಕೇ ಒಂದು ಮನೆ ಎಂಬತ್ತು ವರ್ಷ ತಲೆ ತಗ್ಗಿಸ್ಕೊಂಡು ಬದುಕ್ತು. ಆ ತಪ್ಪು ನಾನು ಮಾಡಲ್ಲ."

ಆಮೇಲೆ ಸೇರಿಸಿದಳು. "ಆ ಇಸಾಕ್ ನನ್ನ ಮುತ್ತಜ್ಜ."

ಈ ಸಲ ತಿರುಗಿ ನೋಡಿದ ಎರಡೂ ಮುಖಗಳಲ್ಲಿ ಅವಳು ಹೆದರುವಂಥದ್ದು ಏನೂ ಇರಲಿಲ್ಲ.

ಆರಕ್ಕೆ ಐದು ಅಂಕ! ಪಾಸಾಗಲು ಎರಡು ಸಾಕಿತ್ತು.

* * *

ಹೊರಗೆ ಬಂದಾಗ ಕಣ್ಣು ಕೋರೈಸುವ ಬಿಸಿಲು. ರಸ್ತೆಯಾಚೆ ಹಳೇ ಕಾರೊಂದು ನಿಂತಿತ್ತು. ಅದಕ್ಕೊರಗಿ ಐವಿಂದ. ಅವಳನ್ನು ಕಂಡು ನೆಟ್ಟಗೆ ನಿಂತ, ಆದರೆ ಹತ್ತಿರ ಬರಲಿಲ್ಲ.

ರಗ್ನಿಯೇ ರಸ್ತೆ ದಾಟಿದಳು.

"ಯಾವಾಗ ಬಂದೆ?"

"ಬೆಳಿಗ್ಗೆ ಏಳಕ್ಕೆ. ಒಳಗೆ ಬಂದ್ರೆ ನಿಂಗೆ ಇನ್ನೂ ಭಯ ಆಗುತ್ತೇನೋ ಅಂತ..." ಅವನು ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತಿದ್ದ. "ಹೇಗಾಯ್ತು? ಬೇಡ, ಹೇಳ್ಬೇಡ. ಇಷ್ಟ ಇಲ್ದಿದ್ರೆ ಹೇಳ್ಬೇಡ."

"ಐದು."

"ಐದಾ!" ಅವನ ಮುಖ ಅರಳಿತು. ಮರುಕ್ಷಣವೇ ಮತ್ತೆ ಬಾಡಿತು.

"ಐವಿಂದ್, ಒಂದು ಕೇಳ್ತೀನಿ. ನಿಜ ಹೇಳು. ಆವತ್ತು ಕ್ಲಾಸಿನಲ್ಲಿ ಓದುವಾಗ... ಇಸಾಕ್ ನನ್ನ ಮುತ್ತಜ್ಜ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ!" ಅವನ ಕಣ್ಣು ತುಂಬಿ ಬಂತು. "ದೇವ್ರಾಣೆ ಇಲ್ಲ ರಗ್ನಿ. ನಮ್ಮನೇಲಿ ಇಸಾಕ್ ಅನ್ನೋದು ಬರೀ ಒಂದು ಹೆಸರು. ಅವನಿಗೆ ಮಕ್ಕಳು, ಮೊಮ್ಮಕ್ಕಳು ಇರ್ತಾರೆ ಅಂತ ಯೋಚ್ನೇನೇ ಮಾಡಿರ್ಲಿಲ್ಲ. ನೀನು ಎದ್ದು ನಿಂತೆ ನೋಡು... ಆ ನಿಮಿಷ ನಂಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಮೂರು ಸಲ ನಿಮ್ಮನೆಗೆ ಬಂದೆ. ನಿಮ್ಮಮ್ಮ ಬಾಗಿಲು ಹಾಕ್ಬಿಟ್ರು."

"ಅಮ್ಮ ನಂಗೆ ಹೇಳ್ಲೇ ಇಲ್ಲ..."

"ಸರಿಯಾಗೇ ಮಾಡಿದ್ರು ಬಿಡು. ತಾತ ಹೇಳಿದ್ರು, ನಾನು ಬರೆದೆ. ನಿಂಗೆ ಹೇಗೆ ಗೊತ್ತು ತಾತ ಅಂತ ಒಂದು ಮಾತು ಕೇಳ್ಲಿಲ್ಲ! ಅದಕ್ಕೇ ಇತಿಹಾಸ ಓದೋಕೆ ಹೋದೆ. ಆ ಕಾಗದ ಹುಡುಕೋಕೆ ನಾಲ್ಕು ವರ್ಷ ಹಿಡೀತು. ಇದರಿಂದ ನಾನು ಮಾಡಿದ್ದು ಸರಿಹೋಗಲ್ಲ. ಗೊತ್ತು. ನಿನ್ನ ಹತ್ತು ವರ್ಷ ನಾನು ವಾಪಸ್ ಕೊಡೋಕಾಗಲ್ಲ..."

ಅವಳು ಅವನ ಕೈಯಿಂದ ಟೋಪಿ ಬಿಡಿಸಿಕೊಂಡಳು. ಹಿಂಡಿ ಹಿಂಡಿ ಅದು ಆಕಾರವೇ ಕಳೆದುಕೊಂಡಿತ್ತು. ಅದನ್ನು ನಿಧಾನವಾಗಿ ಸರಿಮಾಡಿ ಅವನ ತಲೆಗೆ ಹಾಕಿದಳು.

"ಅಜ್ಜಿ ಒಪ್ಪಿಗೆ ಕೊಟ್ಟಿದ್ದಾಳೆ. ನಾನೂ ಕೊಟ್ಟೆ," ಎಂದಳು. "ಊರಿನವರ ಮುಂದೆ ಅದನ್ನ ಓದಬಹುದು. ಆದ್ರೆ ನೀನಲ್ಲ, ನಾನು ಓದ್ತೀನಿ. ನೀನು ಪಕ್ಕದಲ್ಲಿ ನಿಂತಿರ್ಬೇಕು."

"ನಿಂತಿರ್ತೀನಿ." ಅವನ ದನಿ ಒಡೆಯಿತು. "ನಮ್ ತಾತ ನನ್ನ ಮನೆಯಿಂದ ಓಡಿಸಿದ್ರೂ ನಿಂತಿರ್ತೀನಿ."

ಗಾಳಿ ಬೀಸಿತು. ಬಸ್ಸೊಂದು ಬಂದು, ನಿಂತು, ಅವಳಿಗಾಗಿ ಸ್ವಲ್ಪ ಕಾದು, ಹೊರಟೂ ಹೋಯಿತು. ಇಬ್ಬರೂ ಅದನ್ನು ನೋಡಲಿಲ್ಲ.

"ಐವಿಂದ್... ನಂಗಿನ್ನೂ ಭಯ ಆಗ್ತಿದೆ."

"ಯಾಕೆ? ಪರೀಕ್ಷೆ ಮುಗೀತಲ್ಲ?"

"ಇದು ಬೇರೆ. ಆಗಸ್ಟ್‌ನಲ್ಲಿ ನರ್ಸಿಂಗ್‌ಗೆ ಹೋದ್ರೆ ಮೂರು ವರ್ಷ ಊರಲ್ಲಿರಲ್ಲ. ಹೋಗೋಕ್ಕೆ ಮುಂಚೆ ನಿಂಗೆ ಒಂದು ಮಾತು ಹೇಳ್ಬೇಕು. ಬಾಯೇ ಬರ್ತಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ ಅವಳ ಎರಡೂ ಕೈ ಹಿಡಿದುಕೊಂಡ.

"ನಾನು ಮೊದಲು ಹೇಳ್ಲಾ?"

"ಹೂಂ."

"ಹದಿನೇಳನೇ ವಯಸ್ಸಿಂದ ನೀನಂದ್ರೆ ನಂಗೆ ಪ್ರಾಣ. ಈಗ ನಿನ್ನ ಸರದಿ."

ರಗ್ನಿ ಅವನ ಎದೆಗೆ ಹಣೆ ಒತ್ತಿದಳು. ಅವನಿಗಷ್ಟೇ ಕೇಳುವಂತೆ, ಒಂದೇ ಒಂದು ಸಾಲು ಹೇಳಿದಳು.

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ."

"ಸುಳ್ಳ! ಕೇಳಿಸ್ತು ನಿಂಗೆ."

"ಕೇಳಿಸ್ತು," ಎಂದು ನಕ್ಕ ಅವನು, ಕಣ್ಣೊರೆಸಿಕೊಳ್ಳುತ್ತಾ. "ಆದ್ರೂ ಇನ್ನೊಂದ್ಸಲ ಹೇಳು."